ಬಾಯಿಯ ಬಿಳಿ ಮಚ್ಚೆ: ಒಳಗೆ ನಡೆಯುವುದೇನು?



ಕೆನ್ನೆಯ ಒಳಭಾಗದಲ್ಲಿ ಒಂದು ಬಿಳಿ ಮಚ್ಚೆ. ನೋವಿಲ್ಲ, ಉರಿಯಿಲ್ಲ, ಊಟಕ್ಕೂ ಅಡ್ಡಿಯಿಲ್ಲ. ಹೀಗಿರುವಾಗ ಡಾಕ್ಟರ ಬಳಿ ಏಕೆ ಹೋಗಬೇಕು ಎಂದು ಅನೇಕರು ಕೇಳುತ್ತಾರೆ. ಆ ಮಚ್ಚೆಯ ಒಳಗೆ ಏನೇನು ನಡೆಯುತ್ತಿರಬಹುದು ಎಂಬುದನ್ನು ತಿಳಿದರೆ ಉತ್ತರ ತಾನಾಗಿಯೇ ಸಿಗುತ್ತದೆ.

ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಬಾಯಿಯದು. 2022ರ ಅಂದಾಜಿನಂತೆ, ಆ ಒಂದೇ ವರ್ಷ ನಮ್ಮ ದೇಶದಲ್ಲಿ ಗಂಡಸರು ಹೆಂಗಸರು ಸೇರಿ ಸುಮಾರು 1 ಲಕ್ಷ 43 ಸಾವಿರ ಮಂದಿಗೆ ಈ ರೋಗ ಹೊಸದಾಗಿ ಬಂತು. ಕಾರಣ ನಮಗೆ ಗೊತ್ತಿರುವುದೇ. ಸೊಲ್ಲಾಪುರ, ಜತ್ತ ಕಡೆ ಅಂಗೈಯಲ್ಲಿ ತಿಕ್ಕಿ ತುಟಿಯಡಿ ಇಡುವ ಸುಣ್ಣ-ತಂಬಾಕು, ಹಲ್ಲಿಗೆ ಉಜ್ಜುವ ಮಿಶ್ರಿ. ಕಾಸರಗೋಡಿನ ಕಡೆ ಹೊಗೆಸೊಪ್ಪು ಸೇರಿಸಿದ ವೀಳ್ಯ. ಎಲ್ಲ ಕಡೆ ಗುಟ್ಕಾ, ಬೀಡಿ, ಸಾರಾಯಿ. ಹೊಗೆಸೊಪ್ಪಿಲ್ಲದ ಬರಿ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ಅಡಿಕೆ ಬೆಳೆದು ಬದುಕುವವರಿಗೆ ಇದು ಕಹಿ ಮಾತು. ಆದರೂ ಹೇಳದೆ ಇರುವಂತಿಲ್ಲ.

ಈಗ ಒಳಗಿನ ವಿಷಯಕ್ಕೆ ಬರೋಣ. ಪ್ರೋಟೀನು ಎಂದೊಡನೆ ಬೇಳೆ, ಮೊಟ್ಟೆ ನೆನಪಾಗುತ್ತವೆ. ಇಲ್ಲಿ ಹೇಳುತ್ತಿರುವುದು ನಮ್ಮ ಜೀವಕೋಶಗಳು ತಾವೇ ತಯಾರಿಸಿಕೊಳ್ಳುವ ಪ್ರೋಟೀನುಗಳ ಮಾತು. ಜೀನು ಎಂಬುದು ಅಪ್ಪಣೆ ಬರೆದಿಟ್ಟ ಓಲೆಯಾದರೆ, ಪ್ರೋಟೀನು ಆ ಅಪ್ಪಣೆಯಂತೆ ದುಡಿಯುವ ಆಳು. ಯಾವ ಆಳು ಎಲ್ಲಿರಬೇಕು, ಎಷ್ಟಿರಬೇಕು ಎಂಬುದಕ್ಕೆ ಕಟ್ಟುನಿಟ್ಟಾದ ನಿಯಮವಿದೆ. ತಂಬಾಕಿನ ವಿಷ ಓಲೆಯ ಅಕ್ಷರಗಳನ್ನೇ ಕೆಡಿಸುತ್ತದೆ.

ಬಾಯಿಯ ಒಳಚರ್ಮದಲ್ಲಿ ಕೋಶಗಳು ಸಾಲು ಸಾಲಾಗಿ ಜೋಡಿಸಿಕೊಂಡಿವೆ. ತಳದ ಹತ್ತಿರದ ಒಂದೆರಡು ಸಾಲುಗಳಲ್ಲಿ ಮಾತ್ರ ಹೊಸ ಕೋಶಗಳು ಹುಟ್ಟುತ್ತವೆ. ಅವು ಮೇಲೇರುತ್ತಾ ಬಲಿತು, ಕೊನೆಗೆ ಉದುರುತ್ತವೆ. ಕೋಶ ಒಡೆದು ಎರಡಾಗುವ ಸಿದ್ಧತೆಯಲ್ಲಿದ್ದಾಗ ಕೆಐ-67 ಎಂಬ ಪ್ರೋಟೀನು ಕಾಣಿಸುತ್ತದೆ. ಜರ್ಮನಿಯ ಕೀಲ್ ನಗರದಲ್ಲಿ 1983ರಲ್ಲಿ ಇದನ್ನು ಗುರುತಿಸಿದರು. ಊರಿನ ಹೆಸರೇ ಇದಕ್ಕೂ ಬಂತು. ಕೆಡುತ್ತಿರುವ ಮಚ್ಚೆಯಲ್ಲಿ ಇದು ಮೇಲಿನ ಸಾಲುಗಳಲ್ಲೂ ಸಿಗುತ್ತದೆ. ಅಂದರೆ ಬಲಿಯಬೇಕಾದ ಜಾಗದಲ್ಲೂ ಕೋಶಗಳು ಹುಟ್ಟುತ್ತಲೇ ಇವೆ.

ಎರಡನೆಯದು ಕೆರಾಟಿನ್, ಕೋಶಕ್ಕೆ ಗಟ್ಟಿತನ ಕೊಡುವ ತೊಲೆ-ಜಂತೆಯಂಥದು. ಆರೋಗ್ಯವಂತ ಕೆನ್ನೆಯ ಮೇಲುಸಾಲುಗಳಲ್ಲಿ ಕೆರಾಟಿನ್-13 ಇರುತ್ತದೆ. ರೋಗ ಮುಂದುವರಿದಂತೆ ಅದು ಕರಗಿ, ಅಲ್ಲಿ ಸಾಮಾನ್ಯವಾಗಿ ಇರದ ಕೆರಾಟಿನ್-17 ಬಂದು ಕೂರುತ್ತದೆ.

ಮೂರನೆಯದು ಪಿ-53. 1979ರಲ್ಲಿ ಪತ್ತೆಯಾದ ಇದು ನಿಜಕ್ಕೂ ಕಾವಲುಗಾರ. ಓಲೆ ಹರಿದ ಕೋಶವನ್ನು ತಡೆದು ನಿಲ್ಲಿಸುತ್ತದೆ. ರಿಪೇರಿ ಆಗದಿದ್ದರೆ ಸಾಯಿಸುತ್ತದೆ. ಕೆಲಸ ಮುಗಿದೊಡನೆ ತಾನೂ ನಾಶವಾಗುತ್ತದೆ. ಕೆಟ್ಟುಹೋದ ಪಿ-53 ಹಾಗಲ್ಲ. ಅದು ಬೇಗ ನಾಶವಾಗದೆ ಕೋಶದ ನಡುವೆ ಗುಡ್ಡೆಯಾಗುತ್ತದೆ. ಕಾವಲಿನವನು ಎದ್ದು ಕಾಣುತ್ತಾನೆ, ಆದರೆ ಕಾವಲಿಲ್ಲ.

ಬೆಳೆಯುವ ಸಂದೇಶವನ್ನು ಹಿಡಿಯುವ ಇಜಿಎಫ್‌ಆರ್ ಎಂಬ ಪ್ರೋಟೀನು ಕೋಶದ ಮೈಮೇಲೆ ಅತಿಯಾಗಿ ಹೆಚ್ಚುತ್ತದೆ. ಕೋಶ ಕೋಶಗಳನ್ನು ಕೌದಿಯ ಹೊಲಿಗೆಯಂತೆ ಹಿಡಿದಿಟ್ಟ ಇ-ಕ್ಯಾಡ್‌ಹೆರಿನ್ ಕಡಿಮೆಯಾಗುತ್ತದೆ. ಹೊಲಿಗೆ ಬಿಚ್ಚಿದ ಮೇಲೆ, ಅಡಿಯ ಗೋಡೆ ಕೊರೆಯುವ ಬೇರೆ ಪ್ರೋಟೀನುಗಳು ದಾರಿ ಮಾಡಿಕೊಡುತ್ತವೆ. ಕೋಶಗಳು ತಳದ ಗೆರೆ ದಾಟಿ ಆಳಕ್ಕೆ ಇಳಿದರೆ ಅದೇ ಕ್ಯಾನ್ಸರ್.

ಇದನ್ನು ನೋಡುವುದು ಹೇಗೆ? ಮಚ್ಚೆಯ ಸಣ್ಣ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಬಯಾಪ್ಸಿ. ಬೇಕಾದ ಪ್ರೋಟೀನಿಗೆ ಮಾತ್ರ ಅಂಟುವ ಬಣ್ಣ ಹಾಕಿದರೆ ಅದಿರುವ ಜಾಗ ಕಂದಾಗಿ ಕಾಣುತ್ತದೆ. ಆದರೆ ಒಂದೇ ಪ್ರೋಟೀನು ನೋಡಿ ಭವಿಷ್ಯ ಹೇಳುವ ಹಾಗಿಲ್ಲ. ಕೋಶಗಳ ಒಟ್ಟು ರೂಪ ನೋಡಿಯೇ ಡಾಕ್ಟರು ತೀರ್ಮಾನಿಸುತ್ತಾರೆ. ಈ ತಿಳಿವಳಿಕೆಯಿಂದ ಔಷಧವೂ ಹುಟ್ಟಿದೆ. ಇಜಿಎಫ್‌ಆರ್ ತಡೆಯುವ, ಮೂಲತಃ ಕ್ಯೂಬಾ ದೇಶದ ಒಂದು ಮದ್ದನ್ನು ಬೆಂಗಳೂರಿನ ಬಯೋಕಾನ್ 2006ರಲ್ಲಿ ಭಾರತಕ್ಕೆ ತಂದಿತು.

ವರದಿ ಇಂಗ್ಲಿಷಿನಲ್ಲಿರುತ್ತದೆ, ಡಾಕ್ಟರು ಮರಾಠಿಯಲ್ಲೋ ಮಲೆಯಾಳದಲ್ಲೋ ತೆಲುಗಿನಲ್ಲೋ ಮಾತಾಡುತ್ತಾರೆ. ಎರಡು ಶಬ್ದ ನೆನಪಿಡಿ. ‘ಡಿಸ್‌ಪ್ಲೇಸಿಯ’ ಎಂದರೆ ಕ್ಯಾನ್ಸರ್ ಅಲ್ಲ, ಕೋಶಗಳ ಶಿಸ್ತು ಕೆಟ್ಟಿದೆ, ಎಚ್ಚರವಿರಲಿ ಎಂದರ್ಥ. ‘ಕಾರ್ಸಿನೋಮ’ ಎಂದರೆ ಕ್ಯಾನ್ಸರ್. ಚಿಕಿತ್ಸೆ ಕೂಡಲೇ ಆಗಬೇಕು. ಅರ್ಥವಾಗದಿದ್ದರೆ ನಾಚದೆ ಮತ್ತೆ ಕೇಳಿ.

ಹೆದರಬೇಡಿ. ಬಿಳಿ ಮಚ್ಚೆಗಳಲ್ಲಿ ಬಹುಪಾಲು ಕ್ಯಾನ್ಸರ್ ಆಗುವುದಿಲ್ಲ. ಆದರೆ ಆಗುವುದು ಯಾವುದೆಂದು ಕನ್ನಡಿ ಹೇಳಲಾರದು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ನೋಡಿದರು. ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಈ ರೋಗದ ಸಾವು ನೂರಕ್ಕೆ 34ರಷ್ಟು ಕಡಿಮೆಯಾಯಿತೆಂದು 2005ರಲ್ಲಿ ಪ್ರಕಟವಾಯಿತು. ಯಂತ್ರ ಬೇಕಾಗಲಿಲ್ಲ, ಬೆಳಕು ಮತ್ತು ಕಣ್ಣು ಸಾಕಾದವು.

ಆದ್ದರಿಂದ ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ ಕೆನ್ನೆ, ಒಸಡು, ನಾಲಿಗೆಯ ಅಂಚು ಮತ್ತು ಅಡಿ ನೋಡಿಕೊಳ್ಳಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರದಲ್ಲಿ ಮಾಯದ ಹುಣ್ಣು, ಮೂರು ಬೆರಳು ಹಿಡಿಯುವಷ್ಟು ಬಾಯಿ ತೆರೆಯದಿರುವುದು, ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಹೋಗಿ. ನೋವು ಬರಲಿ ಎಂದು ಕಾಯಬೇಡಿ. ತಂಬಾಕು, ಅಡಿಕೆಯ ಚೀಲವನ್ನು ಇಂದೇ ಕೆಳಗಿಡಿ.