0.64 ಹಾಕೋದಾ, 0.86 ಹಾಕೋದಾ?

ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಟರ್ಬೊದ ಈ ಟರ್ಬೈನ್ ಹೌಸಿಂಗ್ ಮೇಲೆ ಒಂದು ಅಂಕಿ ಎದ್ದು ಕಾಣುತ್ತದೆ: 0.64. ಇದೇ ಎ ಬೈ ಆರ್, ಅಂದರೆ ಹೊಗೆ ಹರಿಯುವ ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣಕ್ಕೂ ಟರ್ಬೈನ್ ಚಕ್ರದ ನಡುವಿನಿಂದ ಅದಕ್ಕಿರುವ ದೂರಕ್ಕೂ ಇರುವ ಅನುಪಾತ. ಗ್ಯಾರೆಟ್‌ನ ಜಿಟಿ2860ಆರ್‌ಎಸ್ ಟರ್ಬೊಗೆ 0.64, 0.86 ಎರಡೂ ಇವೆ. ಅಂಕಿ ಚಿಕ್ಕದಾದಷ್ಟೂ ಹೊಗೆ ರಭಸದಿಂದ ನುಗ್ಗಿ ಚಕ್ರವನ್ನು ಬೇಗ ತಿರುಗಿಸುತ್ತದೆ. ದೊಡ್ಡದಾದರೆ ಬೂಸ್ಟ್ ತಡ, ಆದರೆ ಮೇಲಿನ ಆರ್‌ಪಿಎಂನಲ್ಲಿ ಇಂಜಿನ್ ಸಲೀಸಾಗಿ ಉಸಿರು ಬಿಡುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಓಡುವ ಎರಡು ಲೀಟರಿನ ಪೆಟ್ರೋಲ್ ಇಂಜಿನ್‌ಗೆ ನನ್ನ ಆಯ್ಕೆ ಚಿಕ್ಕದೇ. ಈ ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಶೇ 10ರಷ್ಟು ಕಡಿಮೆ. ಹಾಗಾಗಿ ಬೂಸ್ಟ್ ಬರುವ ಮುನ್ನ ಇಂಜಿನ್ ಇನ್ನಷ್ಟು ಸೊರಗಿರುತ್ತದೆ, ಚಕ್ರ ತಿರುಗಿಸುವ ಹೊಗೆಯೂ ಕಡಿಮೆ. ಹೊಸಕೋಟೆಯ ಲಾರಿ ಸಾಲಿನ ನಡುವೆ ಬೇಕಿರುವುದು 2,500ರಿಂದ 4,500 ಆರ್‌ಪಿಎಂ ನಡುವಿನ ಎಳೆತ.

ಆರ್‌ಪಿಎಂ ಮೇಲಕ್ಕೆ ಹೋದಂತೆ ಚಿಕ್ಕ ಹೌಸಿಂಗ್ ಇಂಜಿನ್ನಿನ ಕತ್ತು ಹಿಸುಕುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಬಿಸಿ ಹೊಗೆ ಸಿಲಿಂಡರಿನಲ್ಲೇ ಉಳಿದರೆ ನಾಕಿಂಗ್ ಶುರುವಾಗುತ್ತದೆ, ಪಿಸ್ಟನ್‌ಗೇ ಕುತ್ತು. ಅದಕ್ಕೇ ಊಹೆ ಬೇಡ, ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಗೇಜ್ ಹಾಕಿ ಅಳೆಯಿರಿ: ಅಲ್ಲಿನ ಒತ್ತಡ ಬೂಸ್ಟ್‌ನ ಎರಡು ಪಟ್ಟು ದಾಟಿದರೆ 0.86 ತನ್ನಿ. ಬರೀ ಟ್ರ್ಯಾಕ್‌ಗೆಂದೇ ಕಟ್ಟುವ ಗಾಡಿಯಾದರೆ ಮೊದಲೇ ಅದನ್ನು ಹಾಕಿ.