ಗದ್ದೆಯ ಮಣ್ಣಿನ ದಾಯಾದಿಗಳು

ಕಾರ್ಕಳದ ಕಡೆ ಆಟಿಯ ಮಳೆಯಲ್ಲಿ ಬರಿಗಾಲಿನಿಂದಲೇ ಗದ್ದೆಗೆ ಇಳಿಯುತ್ತಿದ್ದ ನನ್ನ ಸೋದರಮಾವ ಮಧುಮೇಹದ ರೋಗಿ. ಬಿಡದ ಜ್ವರ, ಕೆಮ್ಮು, ಸೊರಗಿದ ಮೈ ಕಂಡವರು ಕ್ಷಯವೆಂದರು. ತಿಂಗಳುಗಟ್ಟಲೆ ಕ್ಷಯದ ಮದ್ದನ್ನೇ ನುಂಗಿದ್ದಾಯಿತು. ಕೊನೆಗೆ ಮಣಿಪಾಲದಲ್ಲಿ ರಕ್ತದೊಳಗಿನ ಜೀವಾಣುವನ್ನು ಬೆಳೆಸಿ ನೋಡಿದಾಗ ಹೊರಬಿದ್ದದ್ದು ಮೆಲಿಯಾಯ್ಡೋಸಿಸ್. 1912ರಲ್ಲಿ ರಂಗೂನಿನಿಂದ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬಿಬ್ಬರು ವೈದ್ಯರು ಲೋಕಕ್ಕೆ ತಿಳಿಸಿದ ಈ ಬೇನೆ ಮಳೆಗಾಲದ ಉಡುಪಿ ಸೀಮೆಗೆ ಅಪರಿಚಿತವಲ್ಲ.

ಇದನ್ನು ತರುವ ಜೀವಾಣು ಬುರ್ಖೋಲ್ಡೇರಿಯಾ ಸ್ಯೂಡೋಮ್ಯಾಲೈ. ಒದ್ದೆ ಮಣ್ಣೇ ಅದರ ಮನೆ. ಅದಕ್ಕೊಬ್ಬ ದಾಯಾದಿ ಉಂಟು, ಬುರ್ಖೋಲ್ಡೇರಿಯಾ ಥೈಲ್ಯಾಂಡೆನ್ಸಿಸ್. ಥೈಲ್ಯಾಂಡಿನ ಮಣ್ಣಿನಲ್ಲಿ ಇಬ್ಬರೂ ವಾಸ. ಆದರೆ ಈ ಎರಡನೆಯದು ಮನುಷ್ಯನಿಗೆ ಕೇಡು ಬಗೆಯುವುದು ತೀರ ಅಪರೂಪ. 1998ರಲ್ಲಷ್ಟೇ ಅದನ್ನು ಬೇರೆ ಪ್ರಭೇದವೆಂದು ಹೆಸರಿಸಿದರು.

ಘಾತುಕನಲ್ಲಿ ಆಯುಧಗಳು ಹೆಚ್ಚಿರಬೇಕೆಂಬುದು ಕೇಳುಗರಾದ ನಿಮ್ಮ ಊಹೆಯಾಗಿದ್ದರೆ ಅದು ಸುಳ್ಳಲ್ಲ. ನಮ್ಮ ದೇಹದ ಕಾವಲುಗಾರರಿಂದ ತಪ್ಪಿಸಿಕೊಳ್ಳಲು ಸಕ್ಕರೆಯ ಕವಚವೊಂದನ್ನು ಹೆಣೆಯುವ ವಂಶವಾಹಿಗಳು ಅದರಲ್ಲಿವೆ. ನನ್ನನ್ನು ಬೆರಗುಗೊಳಿಸಿದ್ದು ಮಾತ್ರ ಅದು ಕಳೆದುಕೊಂಡದ್ದು. ಅರಬಿನೋಸ್ ಎಂಬ, ಸಸ್ಯಗಳಲ್ಲಿ ಸಿಗುವ ಸಕ್ಕರೆಯನ್ನು ಸಾಧು ದಾಯಾದಿ ಅರಗಿಸಿಕೊಳ್ಳಬಲ್ಲದು. ಘಾತುಕನಲ್ಲಿ ಅದಕ್ಕೆ ಬೇಕಾದ ವಂಶವಾಹಿಗಳ ಗುಂಪೇ ಇಲ್ಲ. 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆ ಗುಂಪನ್ನು ಅದಕ್ಕೆ ಮರಳಿ ಸೇರಿಸಿದಾಗ, ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಗಳಲ್ಲಿ ಅದರ ಉಗ್ರತೆ ತಗ್ಗಿತು. ಹಳೆಯ ಊಟವನ್ನು ಮರೆತದ್ದರಿಂದಲೇ ಅದರ ಕೈ ಬಲವಾಯಿತೇನೋ!

ಮಾವನಿಗೆ ಎರಡು ವಾರ ನರದ ಮೂಲಕ ಮದ್ದು, ಆಮೇಲೆ ಮೂರು ತಿಂಗಳು ಗುಳಿಗೆ. ಮೊನ್ನೆ ಕಾಪುವಿನ ನಮ್ಮ ಮನೆಗೆ ಬಂದಿದ್ದರು. ಈಗ ಗದ್ದೆಗೆ ಇಳಿಯುವಾಗ ಗಂಬೂಟು ತೊಡುತ್ತಾರಂತೆ, ಗೊಣಗುತ್ತಲೇ.