ಅಜ್ಜಿ ಮಾತನಾಡಿದರೆ ಚಾಟ್‌ಬಾಟ್ ಉತ್ತರಿಸುವುದೇ?

ದೆಹಲಿಯಿಂದ ಸುಮಾರು ಎರಡು ಗಂಟೆಯ ಹಾದಿಯಲ್ಲಿರುವ ಹರಿಯಾಣದ ಬಿವಾನ್ ಗ್ರಾಮದಲ್ಲಿ 2023ರಲ್ಲಿ ‘ಜುಗಲ್‌ಬಂದಿ’ ಎಂಬ ಚಾಟ್‌ಬಾಟಿನ ಪ್ರಯೋಗ ನಡೆಯಿತು. ಗ್ರಾಮಸ್ಥರು ವಾಟ್ಸಾಪಿನಲ್ಲಿ ತಮ್ಮ ಭಾಷೆಯಲ್ಲೇ ಬರೆದೋ ಮಾತನಾಡಿಯೋ ಸರಕಾರಿ ಯೋಜನೆಗಳ ವಿಷಯ ಕೇಳಿದರು. ಪ್ರಶ್ನೆಯು ಇಂಗ್ಲಿಷಿಗೆ ತಿರುಗಿ, ಉತ್ತರವು ಮತ್ತೆ ಅವರ ಭಾಷೆಗೇ ಮರಳುತ್ತಿತ್ತು. ಮೈಕ್ರೋಸಾಫ್ಟ್ ಜೊತೆಗೆ, ಭಾರತೀಯ ಭಾಷೆಗಳಿಗಾಗಿ ದುಡಿಯುವ ಮದರಾಸು ಐಐಟಿಯ ‘ಎಐಫೋರ್‌ಭಾರತ್’ ತಂಡವೂ ಇದರ ಹಿಂದಿತ್ತು.

ರಾಜಧಾನಿಯ ಕನ್ನಡಿಗರಿಗೂ ಇಂತಹದೊಂದು ಬೇಕೆನಿಸುವುದು ಸಹಜ. ಧಾರವಾಡದಿಂದ ನೋಯ್ಡಾದ ಮಗನ ಮನೆಗೆ ಬಂದ ಅಜ್ಜಿಗೆ ಮೊಬೈಲಿನಲ್ಲಿ ಕನ್ನಡ ಬೆರಳಚ್ಚಿಸಲು ಬಾರದು. ಮೊಮ್ಮಗನಿಗೆ ಕನ್ನಡ ಮಾತು ಬಂದರೂ ಓದಲು ಬಾರದು. ರಾಜ್ಯೋತ್ಸವ ಎಷ್ಟು ಗಂಟೆಗೆ, ಯಾವ ಮೆಟ್ರೊ ನಿಲ್ದಾಣದಲ್ಲಿ ಇಳಿಯಬೇಕು ಎಂಬುದಕ್ಕೆ ಉತ್ತರಿಸುವ ಬಾಟ್ ಒಂದನ್ನು ನಮ್ಮ ಯುವಕರೇ ನಿರ್ಮಿಸಬಹುದು. ಟೆಲಿಗ್ರಾಂ ಸಂಸ್ಥೆ 2015ರಲ್ಲೇ ಇದಕ್ಕೆ ಬಾಗಿಲು ತೆರೆದಿದೆ.

ಇಲ್ಲಿಯೇ ಒಂದು ಸೂಕ್ಷ್ಮವಿದೆ. ಬಾಟಿಗೆ ಬರುವ ಪ್ರತಿಯೊಂದು ಸಂದೇಶದಲ್ಲೂ ಅಕ್ಷರಗಳಿರುವುದಿಲ್ಲ. ಅದು ಚಿತ್ರವಾಗಿರಬಹುದು, ಧ್ವನಿಯಾಗಿರಬಹುದು. ಅವಸರದಲ್ಲಿ ಬರೆದ ತಂತ್ರಾಂಶವು ಅಕ್ಷರಗಳಿವೆಯೆಂದೇ ನಂಬಿ ಕೆಲಸಕ್ಕಿಳಿಯುತ್ತದೆ. ಅಜ್ಜಿಯ ಧ್ವನಿ ಬಂದೊಡನೆ ಮುಗ್ಗರಿಸಿ ಮೌನವಾಗುತ್ತದೆ. ತಪ್ಪು ತನ್ನದೇ ಇರಬೇಕೆಂದು ಆಕೆ ಮೊಬೈಲನ್ನು ಬದಿಗಿಡುತ್ತಾರೆ.

ಇದನ್ನು ಮೊದಲೇ ತಡೆಯುವುದು ‘ಟೈಪ್’ ಎಂಬ ಕಟ್ಟಳೆ. ಅಡುಗೆಮನೆಯ ಡಬ್ಬಿಗಳ ಮೇಲೆ ಸಕ್ಕರೆ, ಉಪ್ಪು ಎಂದು ಚೀಟಿ ಅಂಟಿಸುವುದಿಲ್ಲವೇ, ಹಾಗೆಯೇ ಇದು. ಆದರೆ ಈ ಚೀಟಿ ‘ಡಬ್ಬಿ ಖಾಲಿ ಇದ್ದರೂ ಇರಬಹುದು’ ಎಂದೂ ಹೇಳುತ್ತದೆ! ಮೈಕ್ರೋಸಾಫ್ಟ್ 2012ರಲ್ಲಿ ಹೊರತಂದ ಟೈಪ್‌ಸ್ಕ್ರಿಪ್ಟ್ ಭಾಷೆಯಲ್ಲಿ, ಟೆಲಿಗ್ರಾಂಗೆಂದೇ ಇರುವ ‘ಗ್ರ್ಯಾಮಿ’ ಎಂಬ ಲೈಬ್ರರಿಯನ್ನು ಬಳಸಿದರೆ, ಅಕ್ಷರಗಳು ಇಲ್ಲದಿರುವ ಸಾಧ್ಯತೆಯು ಟೈಪಿನಲ್ಲೇ ದಾಖಲಾಗಿರುತ್ತದೆ. ಕಟ್ಟುನಿಟ್ಟಿನ ತಪಾಸಣೆಯನ್ನು ಚಾಲೂ ಇಟ್ಟಿದ್ದರೆ, ‘ಖಾಲಿ ಇದ್ದರೆ ಏನು ಮಾಡುವಿರಿ?’ ಎಂದು ಬರೆಯುವ ಹಂತದಲ್ಲೇ ಆಕ್ಷೇಪ ಬರುತ್ತದೆ. ಬರೆಯುವವರಿಗೆ ಇದು ಕಿರಿಕಿರಿಯೇ ಸರಿ. ಅಜ್ಜಿಯ ಪರವಾಗಿ ವಾದಿಸುವ ಈ ಕಿರಿಕಿರಿ ನಮಗಂತೂ ಇಷ್ಟ.

ಆದರೆ ಟೈಪಿಗೆ ಕನ್ನಡ ತಿಳಿಯದು. ನಮಗೆ ‘ಶ್ರೀ’ ಒಂದೇ ಅಕ್ಷರ. ಗಣಕಕ್ಕೆ ಅದು ಶ, ವಿರಾಮ, ರ, ದೀರ್ಘ ಎಂದು 4 ಸಂಕೇತಗಳು. ಟೆಲಿಗ್ರಾಂ ಸಂದೇಶದ ಮಿತಿ 4096 ಸಂಕೇತಗಳಾದ್ದರಿಂದ ದೀರ್ಘ ಉತ್ತರವನ್ನು ತುಂಡರಿಸುವಾಗ ಒತ್ತಕ್ಷರವೇ ಸೀಳಿಹೋಗಬಹುದು. ಟೈಪ್ ಅದಕ್ಕೆ ಚಕಾರವೆತ್ತುವುದಿಲ್ಲ. ಸಾಲು ಮುಗಿಯುವೆಡೆ ನೋಡಿಯೇ ಕತ್ತರಿಸಬೇಕು.

ಧ್ವನಿಯನ್ನು ಅಕ್ಷರಕ್ಕಿಳಿಸುವ ಏರ್ಪಾಡು ಆರಂಭದಲ್ಲೇ ಸಾಧ್ಯವಾಗದಿದ್ದರೂ ಚಿಂತೆಯಿಲ್ಲ. ‘ತಮ್ಮ ಮಾತು ತಲುಪಿದೆ, ನಮ್ಮವರೊಬ್ಬರು ಉತ್ತರಿಸುವರು’ ಎಂದು ಧ್ವನಿಯಲ್ಲೇ ತಿಳಿಸಿ, ಆ ಸಂದೇಶವನ್ನು ಸಂಘದ ಕಾರ್ಯಕರ್ತರಿಗೆ ದಾಟಿಸಲು ಕೆಲವೇ ಸಾಲುಗಳ ಆದೇಶ ಸಾಕು.